ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ (ವಾ.ಕ.ರ.ಸಾ.ಸಂಸ್ಥೆ) ಕರ್ನಾಟಕ ಸರ್ಕಾರದ ಅಧೀನದಲ್ಲಿರುವ ನಾಲ್ಕು ರಸ್ತೆ ಸಾರಿಗೆ ನಿಗಮಗಳಲ್ಲಿ ಒಂದು. ಇದರ ಕೇಂದ್ರ ಕಛೇರಿಯು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಇದರ ಕಾರ್ಯವ್ಯಾಪ್ತಿಗೆ ಒಳಪಟ್ಟಿವೆ. ಬಯಲುಸೀಮೆಯ ಕಬ್ಬು, ಹತ್ತಿ, ಮೆಣಸಿನಕಾಯಿ ಬೆಳೆಯುವ ಹಳ್ಳಿಗಳಿಂದ ಹಿಡಿದು ಸಹ್ಯಾದ್ರಿಯ ಘಟ್ಟಗಳು ಮತ್ತು ಕರಾವಳಿಯವರೆಗೆ ಹರಡಿರುವ ಈ ಪ್ರದೇಶದ ಅನೇಕ ಗ್ರಾಮಗಳಿಗೆ ಸಂಸ್ಥೆಯ ಬಸ್ಸೇ ಏಕೈಕ ಸಾರ್ವಜನಿಕ ಸಾರಿಗೆಯಾಗಿದೆ.

ಇತಿಹಾಸ

ಹಳೆಯ ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಂದಿಗೆ ಆರಂಭವಾಯಿತು. ಆಗ ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಮತ್ತು ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮೈಸೂರು ರಾಜ್ಯಕ್ಕೆ ಸೇರ್ಪಡೆಯಾದವು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯಡಿ 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮವು ಸ್ಥಾಪನೆಯಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದ ಬಳಿಕ ನಿಗಮದ ಹೆಸರೂ ಬದಲಾಯಿತು.

ಇಡೀ ರಾಜ್ಯದ ಬಸ್ಸುಗಳನ್ನು ಬೆಂಗಳೂರಿನಿಂದಲೇ ನಿರ್ವಹಿಸುವುದು ಕಷ್ಟವಾದ ಕಾರಣ 1997ರಲ್ಲಿ ನಿಗಮದ ವಿಭಜನೆ ಪ್ರಾರಂಭವಾಯಿತು. ಆ ವರ್ಷದ ಆಗಸ್ಟ್ 15ರಂದು ಬೆಂಗಳೂರು ನಗರ ಸಾರಿಗೆ ಪ್ರತ್ಯೇಕ ಸಂಸ್ಥೆಯಾಯಿತು. ನವೆಂಬರ್ 1ರಂದು, ಅಂದರೆ ರಾಜ್ಯೋತ್ಸವದ ದಿನದಂದು, ವಾಯವ್ಯ ಕರ್ನಾಟಕ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ಈಶಾನ್ಯ ಭಾಗಕ್ಕೆ ಕಲಬುರಗಿಯಲ್ಲಿ ಪ್ರತ್ಯೇಕ ಸಂಸ್ಥೆ ರಚನೆಯಾದದ್ದು 2000ದಲ್ಲಿ. ಅದು ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರಿನಲ್ಲಿದೆ. ಹಳೆಯ ಮುಂಬಯಿ ಕರ್ನಾಟಕದ ಜಿಲ್ಲೆಯೇ ಆದ ವಿಜಯಪುರವು ಸಾರಿಗೆಯ ಲೆಕ್ಕದಲ್ಲಿ ಮಾತ್ರ ಕಲಬುರಗಿಯ ಸಂಸ್ಥೆಗೆ ಸೇರಿದೆ.

ಆಡಳಿತ

ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರು ವ್ಯವಸ್ಥಾಪಕ ನಿರ್ದೇಶಕರು. ಕೆಳಹಂತದಲ್ಲಿ ವಿಭಾಗಗಳೂ ಅವುಗಳ ಅಧೀನದಲ್ಲಿ ಘಟಕಗಳೂ (ಡಿಪೋ) ಇವೆ. ಬೆಳಗಾವಿ ಜಿಲ್ಲೆಯ ವಿಸ್ತಾರದಿಂದಾಗಿ ಅಲ್ಲಿ ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ವಿಭಾಗಗಳಿವೆ. ಉತ್ತರ ಕನ್ನಡ ವಿಭಾಗದ ಕಛೇರಿಯು ಜಿಲ್ಲಾ ಕೇಂದ್ರವಾದ ಕಾರವಾರದ ಬದಲು ಶಿರಸಿಯಲ್ಲಿದೆ. ಹುಬ್ಬಳ್ಳಿ-ಧಾರವಾಡ ನಗರ ಸಾರಿಗೆಗೆ ಪ್ರತ್ಯೇಕ ವಿಭಾಗವಿದೆ.

ಗ್ರಾಮಾಂತರ ಸೇವೆ

ಸಾಮಾನ್ಯ ಬಸ್ಸುಗಳು ತಾಲ್ಲೂಕು ಕೇಂದ್ರವನ್ನು ಸುತ್ತಲಿನ ಹಳ್ಳಿಗಳೊಂದಿಗೆ ಜೋಡಿಸುತ್ತವೆ. ವೇಗದೂತ ಬಸ್ಸುಗಳು ತಾಲ್ಲೂಕು ಹಾಗೂ ಜಿಲ್ಲಾ ಕೇಂದ್ರಗಳ ನಡುವೆ ಓಡುತ್ತವೆ. ಬೆಂಗಳೂರು, ಪುಣೆ, ಮುಂಬಯಿಯಂತಹ ದೂರದ ಊರುಗಳಿಗೆ ರಾಜಹಂಸ ಮತ್ತು ಸ್ಲೀಪರ್ ಮಾದರಿಯ ಬಸ್ಸುಗಳಿವೆ. ಪ್ರಯಾಣದರವನ್ನು ಹಂತಗಳ ಆಧಾರದ ಮೇಲೆ ನಿಗದಿಪಡಿಸಲಾಗುತ್ತದೆ. ಎರಡು ಹಂತಗಳ ನಡುವೆ ಎಲ್ಲಿ ಹತ್ತಿದರೂ ಹಿಂದಿನ ಹಂತದಿಂದಲೇ ದರ ಲೆಕ್ಕವಾಗುವುದು ನಿರ್ವಾಹಕರು ಮತ್ತು ಪ್ರಯಾಣಿಕರ ನಡುವಿನ ವಾಗ್ವಾದಕ್ಕೆ ಹಳೆಯ ಕಾರಣಗಳಲ್ಲೊಂದು. ಮತ್ತೊಂದು ಕಾರಣ ಚಿಲ್ಲರೆ. ಬಾಕಿ ಹಣವನ್ನು ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಟ್ಟು ಇಳಿಯುವಾಗ ಹಿಂದಿರುಗಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಇತ್ತೀಚೆಗೆ ಯುಪಿಐ ಮೂಲಕ ಹಣ ಪಾವತಿಸುವ ವ್ಯವಸ್ಥೆ ಬಂದಿರುವುದರಿಂದ ಈ ತೊಡಕು ಸ್ವಲ್ಪ ಕಡಿಮೆಯಾಗಿದೆ.

ಗ್ರಾಮಾಂತರ ಸೇವೆಯ ವಿಶಿಷ್ಟ ಅಂಗವೆಂದರೆ ‘ವಸ್ತಿ ಬಸ್ಸು’. ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಡುವ ಕೊನೆಯ ಬಸ್ಸು ಮಾರ್ಗದ ತುದಿಯಲ್ಲಿರುವ ಹಳ್ಳಿಯನ್ನು ತಲುಪಿ ರಾತ್ರಿ ಅಲ್ಲಿಯೇ ಉಳಿಯುತ್ತದೆ. ಚಾಲಕ ಮತ್ತು ನಿರ್ವಾಹಕರು ಬಸ್ಸಿನಲ್ಲಿಯೋ, ಗ್ರಾಮಸ್ಥರು ಒದಗಿಸುವ ಕೋಣೆ ಅಥವಾ ಗುಡಿಯ ಕಟ್ಟೆಯ ಮೇಲೋ ಮಲಗುತ್ತಾರೆ. ಬೆಳಗಿನ ಜಾವ ಅದೇ ಬಸ್ಸು ಊರಿನ ಮೊದಲ ಬಸ್ಸಾಗಿ ಹಿಂದಿರುಗುತ್ತದೆ. ಇದರಿಂದ ಸಂಸ್ಥೆಗೆ ಖಾಲಿ ಬಸ್ಸನ್ನು ಓಡಿಸುವ ವೆಚ್ಚ ಉಳಿಯುತ್ತದೆ. ಸಂತೆಗೆ ತರಕಾರಿ ಒಯ್ಯುವವರಿಗೂ ಆಸ್ಪತ್ರೆಗೆ ಹೋಗಬೇಕಾದವರಿಗೂ ಕಾಲೇಜು ವಿದ್ಯಾರ್ಥಿಗಳಿಗೂ ಬೆಳಿಗ್ಗೆ ಸಮಯಕ್ಕೆ ಸರಿಯಾಗಿ ಪಟ್ಟಣ ಸೇರಲು ಸಾಧ್ಯವಾಗುತ್ತದೆ. ವಸ್ತಿ ಬಸ್ಸು ರದ್ದಾದರೆ ಆ ಹಳ್ಳಿಯ ಇಡೀ ದಿನದ ವೇಳಾಪಟ್ಟಿಯೇ ಏರುಪೇರಾಗುತ್ತದೆ. ಆದುದರಿಂದಲೇ ವಸ್ತಿ ಬಸ್ಸನ್ನು ಪುನಃ ಆರಂಭಿಸಬೇಕೆಂಬ ಮನವಿಯು ಘಟಕ ವ್ಯವಸ್ಥಾಪಕರಿಗೆ ಬರುವ ಮನವಿಗಳಲ್ಲಿ ಸಾಮಾನ್ಯವಾದುದು.

ಘಟ್ಟ ಪ್ರದೇಶದ ಸಮಸ್ಯೆಗಳು ಬೇರೆ. ಉತ್ತರ ಕನ್ನಡದಲ್ಲಿ ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟ, ಯಲ್ಲಾಪುರ-ಅಂಕೋಲಾ ನಡುವಿನ ಅರಬೈಲ್ ಘಟ್ಟ ಮತ್ತು ಜೋಯಿಡಾ-ಕಾರವಾರ ನಡುವಿನ ಅಣಶಿ ಘಟ್ಟಗಳ ಮೂಲಕವೇ ಒಳನಾಡು ಮತ್ತು ಕರಾವಳಿಯ ಸಂಪರ್ಕ ಏರ್ಪಡುತ್ತದೆ. ಮಳೆಗಾಲದಲ್ಲಿ ಒಂದು ಘಟ್ಟದಲ್ಲಿ ಗುಡ್ಡ ಕುಸಿದರೆ ಬಸ್ಸುಗಳು ಇನ್ನೊಂದು ಘಟ್ಟವನ್ನು ಬಳಸಿ ಹೋಗಬೇಕಾಗುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು ಬಳಿ ಸಂಭವಿಸಿದ ಭೂಕುಸಿತದಿಂದ ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ಸ್ಥಗಿತಗೊಂಡಾಗ ಕರಾವಳಿಯ ತಾಲ್ಲೂಕುಗಳ ನಡುವಿನ ನೇರ ಸಂಪರ್ಕವೇ ಕಡಿದುಹೋಗಿತ್ತು.

ಜಾತ್ರೆಗಳ ಸಂದರ್ಭದಲ್ಲಿ ಇತರ ಘಟಕಗಳಿಂದ ಬಸ್ಸುಗಳನ್ನು ತರಿಸಿ ವಿಶೇಷ ಸೇವೆ ಒದಗಿಸಲಾಗುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡ, ಬಾದಾಮಿಯ ಬನಶಂಕರಿ ಮತ್ತು ಎರಡು ವರ್ಷಗಳಿಗೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆ ಇವುಗಳಲ್ಲಿ ಮುಖ್ಯವಾದವು. ಆ ದಿನಗಳಲ್ಲಿ ಹಳ್ಳಿಗಳ ನಿತ್ಯದ ಬಸ್ಸುಗಳಲ್ಲಿ ಕೆಲವು ಜಾತ್ರೆಯತ್ತ ತಿರುಗುವುದುಂಟು.

ರಿಯಾಯಿತಿಗಳು ಮತ್ತು ಶಕ್ತಿ ಯೋಜನೆ

ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು, ಅಂಗವಿಕಲರಿಗೆ ಹಾಗೂ ಸ್ವಾತಂತ್ರ್ಯ ಹೋರಾಟಗಾರರಿಗೆ ಪ್ರತ್ಯೇಕ ಪಾಸು, 60 ವರ್ಷ ಮೇಲ್ಪಟ್ಟವರಿಗೆ ದರದಲ್ಲಿ ಶೇ. 25ರಷ್ಟು ರಿಯಾಯಿತಿ ಲಭ್ಯವಿದೆ. ವಿದ್ಯಾರ್ಥಿ ಪಾಸಿಗೆ ಈಗ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು.

2023ರ ಜೂನ್ 11ರಂದು ರಾಜ್ಯ ಸರ್ಕಾರವು ಜಾರಿಗೆ ತಂದ ಶಕ್ತಿ ಯೋಜನೆಯ ಪ್ರಕಾರ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದೊಳಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಗುರುತಿನ ಚೀಟಿ ತೋರಿಸಿದವರಿಗೆ ನಿರ್ವಾಹಕರು ಶೂನ್ಯ ದರದ ಟಿಕೆಟ್ ನೀಡುತ್ತಾರೆ. ಈ ಟಿಕೆಟ್ ಕೇವಲ ಔಪಚಾರಿಕವಲ್ಲ. ಅದರಲ್ಲಿ ದಾಖಲಾದ ಮೊತ್ತದ ಆಧಾರದ ಮೇಲೆಯೇ ಸರ್ಕಾರವು ಸಂಸ್ಥೆಗೆ ಹಣ ಭರಿಸಬೇಕಾಗುತ್ತದೆ. ಆದ್ದರಿಂದ ಟಿಕೆಟ್ ಪಡೆಯದೆ ಪ್ರಯಾಣಿಸಿದರೆ ಸಂಸ್ಥೆಗೆ ನಷ್ಟ. ಐಷಾರಾಮಿ, ಹವಾನಿಯಂತ್ರಿತ ಮತ್ತು ಅಂತರರಾಜ್ಯ ಬಸ್ಸುಗಳು ಯೋಜನೆಯ ವ್ಯಾಪ್ತಿಯಿಂದ ಹೊರಗಿವೆ. ಕೂಲಿ ಮತ್ತು ಮನೆಗೆಲಸಕ್ಕಾಗಿ ದಿನವೂ ಪಟ್ಟಣಕ್ಕೆ ಬರುವ ಮಹಿಳೆಯರಿಗೆ ಇದರಿಂದ ಆದ ಉಳಿತಾಯ ದೊಡ್ಡದು. ಅದೇ ಸಮಯದಲ್ಲಿ, ಬಸ್ಸುಗಳ ಸಂಖ್ಯೆ ಬೇಡಿಕೆಯಷ್ಟು ಹೆಚ್ಚದ ಮಾರ್ಗಗಳಲ್ಲಿ ನೂಕುನುಗ್ಗಲು ತೀವ್ರವಾಗಿದ್ದು, ಬೆಳಗಿನ ಹೊತ್ತು ಬಸ್ಸು ನಿಲ್ಲಿಸದೆ ಹೋಗುವುದರ ವಿರುದ್ಧ ವಿದ್ಯಾರ್ಥಿಗಳು ರಸ್ತೆ ತಡೆ ನಡೆಸಿದ ಪ್ರಸಂಗಗಳಿವೆ. ಹಣ ತೆತ್ತು ಪಾಸು ಪಡೆದ ವಿದ್ಯಾರ್ಥಿಯೂ ಉಚಿತ ಟಿಕೆಟ್ಟಿನ ವಿದ್ಯಾರ್ಥಿನಿಯೂ ಆಗ ಒಂದೇ ನಿಲ್ದಾಣದಲ್ಲಿ ಉಳಿದುಬಿಡುತ್ತಾರೆ. 2025ರ ಜನವರಿ 5ರಿಂದ ನಾಲ್ಕೂ ನಿಗಮಗಳ ಪ್ರಯಾಣದರವು ಶೇ. 15ರಷ್ಟು ಏರಿಕೆಯಾಯಿತು.

ಹುಬ್ಬಳ್ಳಿ-ಧಾರವಾಡ ತ್ವರಿತ ಸಾರಿಗೆ

ಅವಳಿ ನಗರಗಳ ನಡುವಿನ ಸುಮಾರು 22 ಕಿ.ಮೀ. ಮಾರ್ಗದಲ್ಲಿ ತ್ವರಿತ ಬಸ್ ಸಾರಿಗೆ (ಬಿಆರ್‌ಟಿಎಸ್) ವ್ಯವಸ್ಥೆಯಿದೆ. ಇದರ ಪ್ರಾಯೋಗಿಕ ಸಂಚಾರ 2018ರ ಅಕ್ಟೋಬರ್‌ನಲ್ಲಿ ಆರಂಭವಾಗಿ, 2020ರ ಫೆಬ್ರವರಿ 2ರಂದು ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅವರು ಅಧಿಕೃತವಾಗಿ ಉದ್ಘಾಟಿಸಿದರು. ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಡಲಾಗಿದೆ. ಇದು ಜಿಂಕೆಗೆ ಉತ್ತರ ಕರ್ನಾಟಕದ ಮಾತು. ರಸ್ತೆಯ ಮಧ್ಯಭಾಗದಲ್ಲಿ ಬಸ್ಸುಗಳಿಗೆಂದೇ ಮೀಸಲಾದ ಪಥವಿದೆ. ಪ್ರಯಾಣಿಕರು ನಿಲ್ದಾಣದಲ್ಲಿಯೇ ಟಿಕೆಟ್ ಪಡೆದು, ಬಸ್ಸಿನ ನೆಲದ ಮಟ್ಟಕ್ಕೆ ಸಮನಾದ ಕಟ್ಟೆಯಿಂದ ಒಳಪ್ರವೇಶಿಸುವುದರಿಂದ ವೃದ್ಧರಿಗೆ ಮೆಟ್ಟಿಲು ಹತ್ತುವ ಶ್ರಮವಿಲ್ಲ. ಆದರೆ ನಿಲ್ದಾಣ ತಲುಪಲು ವಾಹನಗಳ ನಡುವೆ ರಸ್ತೆ ದಾಟಲೇಬೇಕು. ಧಾರವಾಡದ ಟೋಲ್ ನಾಕಾ ಬಳಿ ಮಳೆಗಾಲದಲ್ಲಿ ನೀರು ನಿಲ್ಲುವುದು ಆರಂಭದಿಂದಲೂ ಕೇಳಿಬಂದ ದೂರು.

ಅಂತರರಾಜ್ಯ ಸೇವೆ ಮತ್ತು ಮುಷ್ಕರಗಳು

ಬೆಳಗಾವಿ, ಚಿಕ್ಕೋಡಿ ಮತ್ತು ಹುಬ್ಬಳ್ಳಿಯಿಂದ ಕೊಲ್ಹಾಪುರ, ಮಿರಜ್, ಪಂಢರಪುರ, ಪುಣೆ ಹಾಗೂ ಗೋವಾದ ಪಣಜಿಗೆ ಬಸ್ಸುಗಳಿವೆ. ಗಡಿ ವಿವಾದ ಉಲ್ಬಣಿಸಿದಾಗಲೆಲ್ಲ ಮೊದಲು ನಿಲ್ಲುವುದು ಈ ಬಸ್ಸುಗಳೇ. 2022ರ ಡಿಸೆಂಬರ್ ಮತ್ತು 2025ರ ಫೆಬ್ರವರಿಯಲ್ಲಿ ಎರಡೂ ರಾಜ್ಯಗಳ ಬಸ್ಸುಗಳ ಮೇಲೆ ಮಸಿ ಬಳಿದ ಘಟನೆಗಳ ಬಳಿಕ ಸಂಚಾರಕ್ಕೆ ಅಡ್ಡಿಯಾಗಿತ್ತು. ಇಂತಹ ದಿನಗಳಲ್ಲಿ ಬಸ್ಸುಗಳು ಗಡಿಯವರೆಗೆ ಮಾತ್ರ ಓಡಿ, ಪ್ರಯಾಣಿಕರು ಇಳಿದು ಆಚೆಗಿನ ವಾಹನವನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಆರನೆಯ ವೇತನ ಆಯೋಗದ ಅನ್ವಯ ಸಂಬಳ ನೀಡಬೇಕೆಂದು ಒತ್ತಾಯಿಸಿ ನಾಲ್ಕೂ ನಿಗಮಗಳ ನೌಕರರು 2021ರ ಏಪ್ರಿಲ್ 7ರಿಂದ ಮುಷ್ಕರ ನಡೆಸಿದರು. ಸರ್ಕಾರವು ಖಾಸಗಿ ವಾಹನಗಳಿಗೆ ಸರ್ಕಾರಿ ನಿಲ್ದಾಣಗಳಿಂದ ಸಂಚರಿಸಲು ಅವಕಾಶ ಕೊಟ್ಟಿತಾದರೂ ಅವು ಹೆಚ್ಚಾಗಿ ಲಾಭದಾಯಕ ಹೆದ್ದಾರಿ ಮಾರ್ಗಗಳಿಗೆ ಸೀಮಿತವಾದವು. ಉಚ್ಚ ನ್ಯಾಯಾಲಯದ ಸೂಚನೆಯ ನಂತರ ಏಪ್ರಿಲ್ 21ರಂದು ಮುಷ್ಕರ ಕೊನೆಗೊಂಡಿತು. ಕೆಲವೇ ದಿನಗಳಲ್ಲಿ ಕೋವಿಡ್ ನಿರ್ಬಂಧಗಳಿಂದ ಬಸ್ ಸಂಚಾರ ಮತ್ತೆ ನಿಂತಿತು.