ಅತುಲ್ ಚಿಟ್ನಿಸ್: ಪುಸ್ತಕದ ಜೊತೆ ಲಿನಕ್ಸ್ ಕಳಿಸಿದವರು

ಈ ಸಲ ನಮ್ಮೂರ ಇತಿಹಾಸ ಅಲ್ಲ, ಬೆಳಗಾವಿಯಲ್ಲಿ ಬೆಳೆದ ಒಬ್ಬರ ಕಥೆ. ಆದ್ರೆ ಮುತ್ತಿನಕೊಪ್ಪದಂಥ ಊರುಗಳಿಗೂ ಇದಕ್ಕೂ ಸಂಬಂಧ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಅತುಲ್ ಚಿಟ್ನಿಸ್ ಹುಟ್ಟಿದ್ದು 1962ರಲ್ಲಿ, ಬರ್ಲಿನ್‌ನಲ್ಲಿ. ಬೆಳೆದದ್ದು ಬೆಳಗಾವಿಯಲ್ಲಿ, ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಅವರು ಬೆಂಗಳೂರಲ್ಲಿ ಬುಲೆಟಿನ್ ಬೋರ್ಡ್ ನಡೆಸ್ತಿದ್ದರು. ಅಂದ್ರೆ ಒಂದು ಕಂಪ್ಯೂಟರು, ಒಂದು ಮೋಡೆಮ್, ಒಂದು ಫೋನ್ ಲೈನು. ನೀವು ಫೋನ್ ಹಚ್ಚಿ ನಿಮ್ಮ ಕಾಗದ ಅಲ್ಲಿ ಇಟ್ಟು ಬರೋದು, ಇನ್ನೊಬ್ಬರು ಆಮೇಲೆ ಬಂದು ಓದೋದು. ಲೈನ್ ಒಂದೇ ಇದ್ದರೆ ಒಂದು ಹೊತ್ತಿಗೆ ಒಬ್ಬರೇ. ನಮ್ಮ ಕಡೆಯಿಂದ ಮಾಡೋದಾದ್ರೆ ಎಸ್‌ಟಿಡಿ ಬಿಲ್ಲು ಬೇರೆ!

ಅವರು ಮಾಡಿದ ದೊಡ್ಡ ಕೆಲಸ 1996ರದ್ದು ಅಂತ ನನ್ನ ಲೆಕ್ಕ. ಪಿಸಿ ಕ್ವೆಸ್ಟ್ ಅನ್ನೋ ಇಂಗ್ಲಿಷ್ ಮಾಸಪತ್ರಿಕೆಗೆ ಅವರು ಸಲಹಾ ಸಂಪಾದಕರು. ಆ ವರ್ಷ ಪತ್ರಿಕೆಯ ಜೊತೆ ಲಿನಕ್ಸ್ ತುಂಬಿದ ಸಿ.ಡಿ. ಕೊಟ್ಟರು. ಲಿನಕ್ಸ್ ಅಂದ್ರೆ ಯಾರು ಬೇಕಾದ್ರೂ ನಕಲು ಮಾಡಿ ಹಂಚಬಹುದಾದ, ಒಳಗೆ ಬಿಚ್ಚಿ ನೋಡಬಹುದಾದ ತಂತ್ರಾಂಶ. ಒಂದು ಸಿ.ಡಿ.ಯಲ್ಲಿ ಸುಮಾರು 650 ಎಂಬಿ ಹಿಡಿಯುತ್ತೆ. ಅಷ್ಟನ್ನು ಆಗಿನ 28.8 ಮೋಡೆಮ್‌ನಲ್ಲಿ ಇಳಿಸೋದಕ್ಕೆ ಲೈನ್ ಒಮ್ಮೆಯೂ ಕಡಿಯದೆ 50 ಗಂಟೆ ಬೇಕು. ಮಳೆಗಾಲದಲ್ಲಿ ಮಲೆನಾಡಿನ ಫೋನು 50 ಗಂಟೆ? ಬಿಡಿ ಮಾರಾಯ್ರೆ. ಆದ್ರೆ ಪತ್ರಿಕೆ ಅಂಚೆಯಲ್ಲಿ ಬರುತ್ತೆ, ಬಸ್ಸಲ್ಲಿ ಬರುತ್ತೆ. ಒಬ್ಬ ಹುಡುಗ ತಂದ್ರೆ ಇಡೀ ಹಾಸ್ಟೆಲ್ಲಿಗೆ ಸಾಕು. ಊರಿಗೆ ತಂತಿ ಬರೋ ತನಕ ಕಾಯೋದು ಬೇಡ ಅಂತ ಯೋಚಿಸಿದವರು ಅವರು.

2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯ್ತು. 2005ರಿಂದ ಅದರ ಹೆಸರು ಫಾಸ್ ಡಾಟ್ ಇನ್. ಮಾತು ಸ್ವಲ್ಪ ಖಡಕ್ಕು, ಎಲ್ಲರಿಗೂ ಹಿಡಿಸ್ತಿರಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನ ಬಳಸಿದ್ರೆ ಆಗಲಿಲ್ಲ, ನೀವೂ ಬರೆದು ವಾಪಸ್ ಕೊಡಿ ಅನ್ನೋದು ಅವರ ಹಟ. ನನಗಂತೂ ಆ ಹಟ ಸರಿ ಅನ್ಸುತ್ತೆ. ಬಿತ್ತನೆ ಬೀಜ ಇಸ್ಕೊಂಡವನು ಮುಂದಿನ ಸಲ ಪಕ್ಕದವನಿಗೆ ಕೊಡಬೇಕಲ್ವಾ?

ಕೆಲಸದ ಆಚೆಗೆ ಗಿಟಾರು, ಹೆಂಡತಿ, ಮಗಳು. 2012ರಲ್ಲಿ ಕರುಳಿನ ಕ್ಯಾನ್ಸರ್ ಇರೋದು ಗೊತ್ತಾಯ್ತು. ಅವರು ಮುಚ್ಚಿಡಲಿಲ್ಲ, ಕಾಯಿಲೆಯ ವಿಷಯ ತಾವೇ ಬರೆದು ಎಲ್ಲರಿಗೂ ಹೇಳಿದರು. ಸಮ್ಮೇಳನ ಕೊನೆಯ ಸಲ ನಡೆದದ್ದೂ ಅದೇ ವರ್ಷ. 2013ರ ಜೂನ್ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 51 ಅಷ್ಟೇ.

ಇವತ್ತು ನಿಮ್ಮ ಕೈಲಿರೋದು ಆಂಡ್ರಾಯ್ಡ್ ಫೋನಾದ್ರೆ ಅದರ ಒಳಗೂ ಲಿನಕ್ಸೇ ಇದೆ. ಆ ಕಾಲದ ಪತ್ರಿಕೆಯ ಸಿ.ಡಿ. ಯಾರ ಮನೆಯ ಅಟ್ಟದಲ್ಲಾದ್ರೂ ಉಳಿದಿದ್ರೆ ಒಂದು ಫೋಟೊ ತೆಗೆದು ಕಳಿಸಿ. ನಿಮ್ಮ ಹೆಸರು ಹಾಕಿಯೇ ಇಲ್ಲಿ ಹಂಚ್ತೀವಿ.

#ಮುತ್ತಿನಕೊಪ್ಪ #ಇತಿಹಾಸ #ಅತುಲ್_ಚಿಟ್ನಿಸ್