ಅವ್ವನ ರೀಲು, ಮಗನ ರೀಲು

ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ನಾನು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಮಗನ ಮನೆಯಲ್ಲಿದ್ದೆ. ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಸೊಸೆಯ ಕೋಟು, ಕಾಲಿಗೆ ಮಗನ ಬೂಟು. ಈ ವೇಷದಲ್ಲಿ ಅವನು ನನ್ನನ್ನು ಮೀನು ಹಿಡಿಯುವ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದ. ಗಾಜಿನ ಪೆಟ್ಟಿಗೆಯ ಮೇಲೆ ಎರಡು ರೀಲು ಇಟ್ಟ. ಒಂದಕ್ಕೆ 20 ಡಾಲರು, ಇನ್ನೊಂದಕ್ಕೆ 150ರ ಮೇಲೆ.

"ಅವ್ವಾ, ಎರಡರಾಗ ಯಾವ್ದು ತಗೋಳ್ಲಿ? ಮಾಮಾ ಇದ್ದಿದ್ರ ಮಾಮಾಗ ಕೇಳ್ತಿದ್ದೆ" ಅಂದ.

ಮಾಮಾ ಎಂದರೆ ನನ್ನ ತಮ್ಮ. ಅವನು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ರಜೆಗೆ ಊರಿಗೆ ಹೋದಾಗಲೆಲ್ಲ ನನ್ನ ಮಗನಿಗೆ ಗಾಳ ಹಾಕುವುದನ್ನು ಕಲಿಸಿದವನು ಅವನೇ. ಬರ್ಫದಲ್ಲಿ ಮೀನು ಹಿಡಿಯುವ ರೀಲಿನ ಬಗ್ಗೆ ರಾಮಸಮುದ್ರದ ಹೆಂಗಸಿಗೆ ಏನು ಗೊತ್ತು ಎಂದು ನೀವು ನಗಬಹುದು. ನಾನೂ ನಕ್ಕೆ. ಆದರೆ ಅಗ್ಗದ ರೀಲು, ದುಬಾರಿ ರೀಲು ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು 1972ನೇ ಇಸವಿ.

ಯಾದಗಿರಿ ಹತ್ತಿರದ ರಾಮಸಮುದ್ರ ನನ್ನ ತವರು. ನಮ್ಮ ನಾಡಿನಲ್ಲಿ ಹಿಂದಿನವರು ದೊಡ್ಡ ಕೆರೆಗೂ ಸಮುದ್ರವೆನ್ನುತ್ತಿದ್ದರು; ಹೊಯ್ಸಳರ ರಾಜಧಾನಿಯೇ ದೋರಸಮುದ್ರ. ಆದರೆ ಆ ವರ್ಷ ನಮ್ಮೂರಿನ ಹೆಸರು ಹೇಳಿಕೊಳ್ಳಲು ನಾಚಿಕೆಯಾಗುವಂತಿತ್ತು. ಉತ್ತರ ಕರ್ನಾಟಕ, ಮಹಾರಾಷ್ಟ್ರಗಳಿಗೆಲ್ಲ ಬಿದ್ದ ಬರ ಅದು. ಆಗ ಯಾದಗಿರಿ ಗುಲಬರ್ಗಾ ಜಿಲ್ಲೆಯ ಒಂದು ತಾಲೂಕು. ತಾನೇ ಒಂದು ಜಿಲ್ಲೆಯಾದದ್ದು 2009ರ ಕೊನೆಗೆ. ಜೋಳದ ಹೊಲಗಳಲ್ಲಿ ಬಿರುಕು ಬಿಟ್ಟ ಕರಿಮಣ್ಣು. ಗಂಡಸರು, ಹೆಂಗಸರು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋಗುತ್ತಿದ್ದರು. ರೇಷನ್ನಿನ ಕೆಂಪು ಜೋಳದ ರೊಟ್ಟಿ ತಟ್ಟಲು ಬಾರದೆ ಅಂಚಿನಲ್ಲಿ ಹರಿಯುತ್ತಿತ್ತು.

ನಮ್ಮಪ್ಪ ಆಗಲೇ ಇರಲಿಲ್ಲ. ಅವ್ವನ ಹತ್ತಿರ ಒಂದು ಹಳೆಯ ಕೈಮಿಷಿನ್ನು ಇತ್ತು. ಕುಬಸ, ಲಂಗ, ಮಕ್ಕಳ ಅಂಗಿ ಹೊಲಿದು ನಮ್ಮಿಬ್ಬರನ್ನು ಸಾಕುತ್ತಿದ್ದಳು. ಮಿಷಿನ್ನಿನ ಡಬ್ಬಿಯಲ್ಲಿ ಯಾವಾಗಲೂ ಎರಡು ಬಗೆಯ ದಾರ. ಮನೆಯ ಹರಕಿಗೆ ಛಾಪಿಲ್ಲದ ಅಗ್ಗದ ರೀಲು, ಗಿರಾಕಿಗಳ ಬಟ್ಟೆಗೆ ಯಾದಗಿರಿ ಬಜಾರದಿಂದ ತಂದ ಒಳ್ಳೆಯ ಮಿಲ್ಲಿನ ರೀಲು. ಒಳ್ಳೆಯದನ್ನು ಅವಳು ಹಳೆಯ ಕುಬಸದ ಚೂರಿನಲ್ಲಿ ಸುತ್ತಿ ಇಡುತ್ತಿದ್ದಳು, ಬಂಗಾರ ಇಟ್ಟ ಹಾಗೆ.

ಊರ ಹೊರಗಿನ ಹಳ್ಳ ಬತ್ತಿ ಒಂದು ಮಡು ಮಾತ್ರ ಉಳಿದಿತ್ತು. ಅದರಲ್ಲಿ ಹಾವಿನ ತಲೆಯಂಥ ತಲೆಯ ಮೀನು. ಆ ಜಾತಿಯ ಮೀನು ಮೇಲೆ ಬಂದು ಗಾಳಿ ನುಂಗುತ್ತದೆ, ಕೆಸರಿನಲ್ಲೂ ಜೀವ ಹಿಡಿದುಕೊಂಡಿರುತ್ತದೆ. ಬರಗಾಲಕ್ಕೆಂದೇ ದೇವರು ಮಾಡಿದಂತಿದೆ. ಭೀಮಾ ದಂಡೆಯ ಕಬ್ಬಲಿಗರ ಮನೆಗಳಲ್ಲಿದ್ದಂತೆ ನಮ್ಮ ಮನೆಯಲ್ಲಿ ಬಲೆ ಇರಲಿಲ್ಲ. ಹತ್ತು ವರ್ಷದ ನನ್ನ ತಮ್ಮ ಸಂತೆಯಲ್ಲಿ ಒಂದು ಗಾಳ ಕೊಂಡ. ಅವ್ವನ ಅಗ್ಗದ ದಾರವನ್ನು ಮೂರೆಳೆ ಹುರಿ ಮಾಡಿ ಕಟ್ಟಿದ. ಮೊದಲ ದಿನವೇ ದೊಡ್ಡ ಮೀನು ಹಿಡಿದು ಜಗ್ಗಿತು, ದಾರ ಪಟ್ಟನೆ ಹರಿಯಿತು, ಮೀನಿನ ಜೊತೆ ಗಾಳವೂ ಹೋಯಿತು. ಅವನು ಅಳಲಿಲ್ಲ. ಇನ್ನೊಂದು ಗಾಳಕ್ಕೆ ಎಲ್ಲಿಂದಲೋ ಕಾಸು ಹೊಂದಿಸಿದ. ಆಮೇಲೆ ಒಂದು ರಾತ್ರಿ ಡಬ್ಬಿ ತೆಗೆದು ಒಳ್ಳೆಯ ರೀಲನ್ನು ಪೂರ್ತಿ ಬಿಚ್ಚಿಕೊಂಡ. ನನಗೆ ಎಚ್ಚರವಿತ್ತು. ನಾನು ನೋಡಿದೆ, ಸುಮ್ಮನೆ ಮಲಗಿದೆ.

ಆ ದಾರವನ್ನು ಅವನು ಒಂದು ಗೇಣಿನ ಕೋಲಿಗೆ ಸುತ್ತಿದ. ಸುತ್ತಿದ ಎಂದರೆ ತಪ್ಪಾಗುತ್ತದೆ. ದಾರವನ್ನು ಕೋಲಿನ ಸುತ್ತ ಸುತ್ತುತ್ತಿರಲಿಲ್ಲ, ಕೋಲನ್ನೇ ಎರಡೂ ಅಂಗೈ ನಡುವೆ ತಿರುಗಿಸಿ ದಾರ ಎಳೆದುಕೊಳ್ಳುತ್ತಿದ್ದ. ಹಾಗೆ ಮಾಡಿದರೆ ದಾರಕ್ಕೆ ಮುರಿ ಬೀಳುವುದಿಲ್ಲ ಎಂಬುದು ಗಾಳಿಪಟದಿಂದ ಕಲಿತ ವಿದ್ಯೆ. ಮೀನು ಎಳೆದಾಗ ಕೋಲು ಅಂಗೈಯಲ್ಲಿ ತಿರುಗಲು ಬಿಡುವುದು, ದಣಿದಾಗ ಬಿಗಿ ಹಿಡಿಯುವುದು. ನಾಲ್ಕು ದಿನ ಮನೆಯಲ್ಲಿ ಮೀನಿನ ಹುಳಿ ಆಯಿತು. ಎಲ್ಲಿಯದು ಎಂದು ಅವ್ವ ಕೇಳಿದಳು, ದಾರದ ಬಗ್ಗೆ ಕೇಳಲಿಲ್ಲ. ನಾಲ್ಕನೆಯ ದಿನ ತಮ್ಮನ ಬಲಗೈಯಲ್ಲಿ, ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ, ಚಾಕು ಎಳೆದಂತೆ ಗಾಯ.

ಐದನೆಯ ದಿನ ಒಂದು ಮದುವೆ ಮನೆಯ ಕುಬಸಗಳನ್ನು ಹೊಲಿಯಲು ಅವ್ವ ಡಬ್ಬಿ ತೆಗೆದಳು. ಖಾಲಿ ಕಟ್ಟಿಗೆಯ ರೀಲು. ಅವಳು ಹೊಡೆದದ್ದು ತಮ್ಮನನ್ನಲ್ಲ, ನನ್ನನ್ನು. "ಅಂವ ಸಣ್ಣಾಂವ. ನೀ ದೊಡ್ಡಾಕಿ, ನೋಡಿ ಸುಮ್ನಿದ್ದಿ" ಅಂದಳು. ಮಗ್ಗುಲ ಮನೆಯವರೂ ಕೇಳುವಷ್ಟು ಅತ್ತೆ. ಅವ್ವ ತಮ್ಮನ ಕೋಲನ್ನು ಇಸಕೊಂಡು ದಾರವನ್ನೆಲ್ಲ ಅಂಟವಾಳದ ನೀರಿನಲ್ಲಿ ತೊಳೆದಳು, ಅಂಗಳದಲ್ಲಿ ಈ ಕಡೆಯಿಂದ ಆ ಕಡೆಗೆ ಕಟ್ಟಿ ಒಣಗಿಸಿದಳು, ಜುಂಜಾದ ಕಡೆ ಕತ್ತರಿಸಿ ತಿರುಗಿ ರೀಲಿಗೆ ಸುತ್ತಿದಳು. ಕುಬಸಗಳು ಆ ದಾರದಿಂದಲೇ ಆದವು. ಮದುವೆ ಮನೆಯವರು ಒಂದು ಮಾತೂ ಅನ್ನಲಿಲ್ಲ, ವಾಸನೆಯ ಬಗ್ಗೆ ಕೂಡ. ಮುಂದಿನ ಸಂತೆಗೆ ಹೋದಾಗ ಅವ್ವ ಎರಡು ರೀಲು ತಂದಳು, ಎರಡೂ ಒಳ್ಳೆಯವೇ. ಒಂದನ್ನು ತಮ್ಮನ ಮುಂದೆ ಇಟ್ಟಳು. ಆ ತಿಂಗಳು ಅವಳು ಎಲಿ ಅಡಿಕಿ ಹಾಕಲಿಲ್ಲ.

ಈ ನೆನಪಿನ ಬೆನ್ನು ಹಿಡಿದು ನಾನು ಮುಂದೆ ರೀಲಿನ ಚರಿತ್ರೆಯನ್ನು ಸ್ವಲ್ಪ ಓದಿದೆ. ಓದಿದಂತೆಲ್ಲ ಅದು ಗಂಡಸರ ಶೋಕಿಯ ಕಥೆ ಮಾತ್ರವಲ್ಲ, ನೂಲಿನ ಕಥೆಯೂ ಹೌದು ಎನಿಸಿತು.

ಮೀನಿನ ಗಾಳಕ್ಕೆ ಗಾಲಿ ಇರುವುದನ್ನು ತೋರಿಸುವ ತೀರ ಹಳೆಯ ಚಿತ್ರಗಳಲ್ಲಿ ಒಂದು ಚೀನಾದ್ದು. ಮಾ ಯುವಾನ್ ಎಂಬ ಕಲಾವಿದನ ಹೆಸರಿನಲ್ಲಿರುವ, 1195ರ ಸುಮಾರಿನದೆಂದು ಹೇಳುವ ರೇಷ್ಮೆಯ ಮೇಲಿನ ಚಿತ್ರ. ಈಗ ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಚಳಿಗಾಲದ ನದಿ, ಸುತ್ತ ಏನೂ ಇಲ್ಲ, ಸಣ್ಣ ದೋಣಿಯಲ್ಲಿ ಒಬ್ಬನೇ ಮುದುಡಿ ಕುಳಿತ ಮನುಷ್ಯ, ಅವನ ಕೋಲಿಗೆ ಪುಟ್ಟ ಗಾಲಿ. ಕಲ್ಯಾಣದಲ್ಲಿ ಬಸವಣ್ಣನವರು, ಅಂಬಿಗರ ಚೌಡಯ್ಯನವರು ಇದ್ದ ಶತಮಾನವೇ ಅದು. ಇಂಗ್ಲೆಂಡಿನ ಪುಸ್ತಕಗಳಲ್ಲಿ ಇಂಥ ಗಾಲಿಯ ಮಾತು ಬರುವುದು ತೀರ ತಡವಾಗಿ, 1651ರಲ್ಲಿ. ಮುಂದೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ಮಾಡುವವನು ಹಲ್ಲುಗಾಲಿ ಕೂಡಿಸಿ, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ರೀಲು ಹಲವು ಸುತ್ತು ತಿರುಗುವಂತೆ ಮಾಡಿದ. ಗಡಿಯಾರದಷ್ಟೇ ನಾಜೂಕು, ಬೆಲೆಯೂ ಹಾಗೆಯೇ. ದುಬಾರಿ ರೀಲು ಎಂಬ ಜಾತಿ ಅಲ್ಲಿಂದ ಬೆಳೆಯಿತು ಎನ್ನಬಹುದು.

ಅಂಥ ರೀಲುಗಳು ನಮ್ಮ ಕರ್ನಾಟಕಕ್ಕೂ ಬಂದವು, ಸಾಹೇಬರ ಪೆಟ್ಟಿಗೆಗಳಲ್ಲಿ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಎಂಬಾತ ಹಿಂದೂಸ್ಥಾನದಲ್ಲಿ ಗಾಳ ಹಾಕುವುದರ ಬಗ್ಗೆ 1873ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅವರಿಗೆಲ್ಲ ಮಹಶೀರ್ ಮೀನಿನ ಹುಚ್ಚು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಹುಲಿ, ಚಿರತೆಗಳ ಚರ್ಮದೊಳಗೆ ತುಂಬಿ ಜೀವಂತವಿದ್ದಂತೆ ಮಾಡುತ್ತಿದ್ದ ಹೆಸರಾಂತ ಮನೆತನ ಅದು. ನನಗೆ ಹೆಚ್ಚು ಖುಷಿ ಕೊಟ್ಟದ್ದು ಬೇರೆ ಸಂಗತಿ. ಕಾವೇರಿಯಲ್ಲಿ ವಿಲಾಯತಿ ರೀಲಿನ ತುದಿಯ ಗಾಳಕ್ಕೆ ಚುಚ್ಚುತ್ತಿದ್ದದ್ದು ರಾಗಿ ಹಿಟ್ಟಿನ ಉಂಡೆ! ಮೀನು ರೀಲಿನ ಬೆಲೆ ನೋಡಿ ಬಾಯಿ ಹಾಕುವುದಿಲ್ಲ. ಕಾವೇರಿಯ ಆ ಗೂನು ಬೆನ್ನಿನ ಮಹಶೀರಿಗೆ ಯಾವ ಶಾಸ್ತ್ರೀಯ ಹೆಸರು ಸಲ್ಲುತ್ತದೆ ಎಂಬುದು ತೀರ್ಮಾನವಾದದ್ದೇ 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು.

ಅಗ್ಗದ ರೀಲಿನ ಕಥೆಗೆ ಒಬ್ಬ ಬಟ್ಟೆ ಗಿರಣಿಯವನು ಬೇಕಾಯಿತು. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಅಲ್ಲಿನ ಆಲ್‌ಫ್ರೆಡ್ ಇಲ್ಲಿಂಗ್‌ವರ್ತ್ ಗಿರಣಿಯಲ್ಲಿ ನೂಲಿನ ಉಂಡೆ ತಿರುಗದೆಯೇ ಅದರ ತುದಿಯಿಂದ ಎಳೆ ಜಾರಿ ಹೋಗುವುದನ್ನು ದಿನವೂ ನೋಡುತ್ತಿದ್ದ. ಅದೇ ಉಪಾಯವನ್ನು ಮೀನಿನ ರೀಲಿಗೆ ಹಚ್ಚಿ 1905ರಲ್ಲಿ ಪೇಟೆಂಟು ಪಡೆದ. ಹಗುರ ಗಾಳವನ್ನೂ ದೂರ ಎಸೆಯಲು ಅದು ಅನುಕೂಲ. ಇವತ್ತು ಜಗತ್ತಿನ ಅಂಗಡಿಗಳಲ್ಲಿ ಸೋವಿ ಬೆಲೆಗೆ ಸಿಗುವ ರೀಲುಗಳಲ್ಲಿ ಬಹಳಷ್ಟು ಆ ಗಿರಣಿಯ ಉಂಡೆಯ ಮೊಮ್ಮಕ್ಕಳೇ. ಅದರ ಜೊತೆಗೆ ನೈಲಾನ್ ಬಂತು. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕರೋದರ್ಸ್ ಅದನ್ನು ಮಾಡಿದ. ಹೆಂಗಸರ ಕಾಲುಚೀಲಕ್ಕೆ ಹೆಸರಾದ ನೈಲಾನ್ ಗಾಳದ ಎಳೆಯೂ ಆಯಿತು. ನಮ್ಮ ತಮ್ಮನ ಕೈಗೆ ಅದು ಸಿಕ್ಕಿದ್ದರೆ ಅವ್ವನ ರೀಲು ಉಳಿಯುತ್ತಿತ್ತು.

ಆದರೆ ತುದಿಯಿಂದ ಜಾರುವ ಎಳೆಗೆ ಒಂದು ದೋಷವಿದೆ, ಅದನ್ನು ಹೊಲಿಗೆ ಬಲ್ಲವರು ಥಟ್ಟನೆ ಹೇಳುತ್ತೀರಿ. ರೀಲನ್ನು ನಿಲ್ಲಿಸಿ ಮೇಲಿನಿಂದ ದಾರ ಎಳೆದರೆ ಸುತ್ತಿಗೊಂದು ಮುರಿ ಬೀಳುತ್ತದೆ. ದೂರ ಎಸೆಯುವವರಿಗೆ ಅದು ಅಷ್ಟಾಗಿ ಕಾಡುವುದಿಲ್ಲ. ಬರ್ಫದ ಕೆರೆಯಲ್ಲಿ ಎಸೆಯುವ ಮಾತೇ ಇಲ್ಲ. ಬೈರಿಗೆಯಿಂದ ತಂಬಿಗೆ ಇಳಿಯುವಷ್ಟು ತೂತು ಕೊರೆದು ಎಳೆಯನ್ನು ನೆಟ್ಟಗೆ ಇಳಿಬಿಡುತ್ತಾರೆ. ಮುರಿಬಿದ್ದ ಎಳೆಯ ತುದಿಯಲ್ಲಿ ಗಾಳ ಬುಗುರಿಯಂತೆ ತಿರುಗುತ್ತದೆ, ಚಳಿಗೆ ಜಡವಾದ ಮೀನು ಅದನ್ನು ನೋಡಿ ಹಿಂದೆ ಸರಿಯುತ್ತದೆ. ಅದಕ್ಕೇ ಈ ಬೇಟೆಯವರು ಈಗ ಮತ್ತೆ ನೇರವಾಗಿ ತಿರುಗುವ ಗಾಲಿಯ ರೀಲನ್ನು ಮೆಚ್ಚುತ್ತಾರೆ. ಮಾ ಯುವಾನನ ಚಿತ್ರದ ಗಾಲಿ ಅದೇ. ನನ್ನ ತಮ್ಮನ ಕೋಲೂ ಅದೇ.

ಅಂಗಡಿಯಲ್ಲಿ ಮಗ ತೋರಿಸಿದ ಎರಡೂ ಅಂಥ ಗಾಲಿಯವೇ. ಹಾಗಾದರೆ ಹೆಚ್ಚಿನ 130 ಡಾಲರು ಯಾತಕ್ಕೆ? ಅಂಗಡಿಯವನು ಬೇರಿಂಗು ಎಷ್ಟಿವೆ ಎಂದು ಎಣಿಸಿ ಹೇಳಿದ. ನಾನು ಕೇಳಿದ್ದು, ಮೀನು ಎಳೆದರೆ ಇದು ಹೇಗೆ ಬಿಡುತ್ತದೆ ಎಂದು. ಒಳಗೆ ಬಿಲ್ಲೆಗಳಿವೆ, ತಿರುಪು ಬಿಗಿ ಮಾಡಿದರೆ ಅವು ಒಂದನ್ನೊಂದು ಒತ್ತುತ್ತವೆ ಎಂದು ಮಗ ಕನ್ನಡದಲ್ಲಿ ವಿವರಿಸಿದ. ನನಗೆ ಹೊಸದೇನೂ ಅನಿಸಲಿಲ್ಲ. ಹೊಲಿಗೆ ಮಿಷಿನ್ನಿನ ಮುಂದೆ ಎರಡು ಪುಟ್ಟ ತಟ್ಟೆಗಳ ನಡುವೆ ದಾರ ಹಾಯುತ್ತದಲ್ಲ, ಅದರ ಅಣ್ಣತಮ್ಮಂದಿರು. ತಿರುಪು ಹೆಚ್ಚು ಬಿಗಿಯಾದರೆ ದಾರ ಹರಿಯುತ್ತದೆ, ಸಡಿಲಾದರೆ ಹೊಲಿಗೆ ಗಂಟುಗಂಟು. ಅವ್ವ ಹೊಸ ದಾರ ಹಾಕಿದಾಗಲೆಲ್ಲ ಮೊದಲು ಬೆರಳಲ್ಲಿ ಎಳೆದು ನೋಡುತ್ತಿದ್ದಳು.

ಎರಡಕ್ಕೂ ಎಳೆ ಕಟ್ಟಿಸಿ ಕಣ್ಣು ಮುಚ್ಚಿ ಎಳೆದೆ. ಅಂಗಡಿಯವನಿಗೆ ತಮಾಷೆ. 20 ಡಾಲರಿನದು ಮೊದಲು ಹಿಡಿದುಕೊಂಡು ಆಮೇಲೆ ಗಕ್ಕನೆ ಬಿಟ್ಟಿತು; ಹಾಗೆ ಹಿಡಿದ ಗಳಿಗೆಯಲ್ಲೇ ಸಣ್ಣ ಎಳೆ ತುಂಡಾಗುವುದು. ದುಬಾರಿಯದು ಬೆಣ್ಣೆಯಂತೆ ಬಿಟ್ಟಿತು. "ಇನ್ನೊಂದು ಕೊಡು, ನಡುವಿನದು" ಎಂದೆ. ಬಣ್ಣವಿಲ್ಲದ, 60 ಡಾಲರಿನದು ಬಂತು. ಅದೂ ಬೆಣ್ಣೆಯಂತೆಯೇ ಬಿಟ್ಟಿತು, ಮೂರು ಸಲ ಎಳೆದರೂ. ಅದನ್ನೇ ಕೊಂಡೆವು. ಹೊರಡುವಾಗ ಅಂಗಡಿಯವನು ಒಂದು ಒಳ್ಳೆಯ ಮಾತು ಹೇಳಿದ. ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸು ಈ ಚಳಿಗೆ ಮೇಣವಾಗುತ್ತದೆ, ಅದನ್ನು ಒರೆಸಿ ಚಳಿಗೆ ಹೆಪ್ಪುಗಟ್ಟದ ತೆಳು ಎಣ್ಣೆ ಹಾಕಿ, ಇಲ್ಲದಿದ್ದರೆ ಎಷ್ಟು ಡಾಲರಿನದಾದರೂ ಒಂದೇ. ಅವ್ವನ ಮಿಷಿನ್ನಿಗೂ ಮಾಗಿಯಲ್ಲಿ ಎಣ್ಣೆ ಬದಲಿಸಬೇಕಾಗುತ್ತಿತ್ತು.

ಮರುದಿನ ಮಿಲ್ ಲ್ಯಾಕ್ಸ್ ಎಂಬ ದೊಡ್ಡ ಕೆರೆಗೆ ಹೋದೆವು. ಕಣ್ಣು ಹಾಯುವಷ್ಟು ದೂರ ಬಿಳಿ, ಅದರ ಮೇಲೆ ಕಾರುಗಳು, ಸಣ್ಣ ಗುಡಿಸಲುಗಳು. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರವಂತೆ. ಅದು ತಳಕ್ಕಿಳಿದು ಕೂಡುತ್ತದೆ, ಇನ್ನೂ ತಣ್ಣಗಿನದು ಮೇಲೆಯೇ ಉಳಿದು ಬರ್ಫ ಆಗಿ ತೇಲುತ್ತದೆ. ಆದ್ದರಿಂದ ಕೆಳಗೆ ಮೀನು ಬದುಕಿರುತ್ತವೆ. ನಮ್ಮ ಮಡುವಿನಲ್ಲಿ ಮೇಲೆ ಬಿಸಿಲು, ಕೆಳಗೆ ಕೆಸರಿನಲ್ಲಿ ಮೀನು.

ಒಂದು ತಾಸು ಏನೂ ಇಲ್ಲ. ಪಕ್ಕದ ತೂತಿಗೆ ಮಗ ತನ್ನ ಹಳೆಯ ಅಗ್ಗದ ರೀಲನ್ನೂ ಹಾಕಿದ್ದ. ಅದು ಒದ್ದೆಯಾಗಿ ಗಡ್ಡೆ ಕಟ್ಟಿ ತಿರುಗುವುದನ್ನೇ ಬಿಟ್ಟಿತು. ಆಮೇಲೆ ಹೊಸ ರೀಲಿನ ಮೊಂಡ ಕೋಲು ಬಾಗಿತು. ಮಗ ಎದ್ದು ನಿಂತ. ಎಳೆ ಸರ್‍ರನೆ ಕೆಳಗೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಅವನು ಹಿಡಿಯನ್ನು ಮುಟ್ಟಲಿಲ್ಲ, ರೀಲನ್ನು ಅದರ ಪಾಡಿಗೆ ಬಿಟ್ಟ. ನನ್ನ ಬಲಗೈ ಕೋಟಿನ ಜೇಬಿನೊಳಗೆ ಮುಷ್ಟಿ ಕಟ್ಟಿತ್ತು. ಮೊಳದುದ್ದದ ಮೀನು ಮೇಲೆ ಬಂದು ಬರ್ಫದ ಮೇಲೆ ನಾಲ್ಕು ಸಲ ಬಡಿದಾಡಿತು.

"ಕೈ ತೋರ್ಸು" ಎಂದೆ.

"ಯಾಕವ್ವಾ?" ಎಂದು ಅವನು ಕೈಗವಸು ತೆಗೆದ. ಚಳಿಗೆ ಕೆಂಪಾಗಿತ್ತು, ಗಾಯವೇನೂ ಇರಲಿಲ್ಲ. "ಹಾಕ್ಕೋ, ಥಂಡಿ ಐತಿ" ಎಂದು ನಾನು ಮೀನನ್ನು ಚೀಲಕ್ಕೆ ಹಾಕಿದೆ. ಸೊಸೆ ಮನೆಯಲ್ಲಿ ಹುಣಸೆಹಣ್ಣು ನೆನೆಯಿಟ್ಟಿದ್ದಳು.