ಬೃಹತ್ ಕೊಳವೆಗಳಲ್ಲಿ ಅನಿಲದ ದ್ರವ್ಯರಾಶಿ ಹರಿವಿನ ಮಾಪನ

ಅನಿಲದ ದ್ರವ್ಯರಾಶಿ ಹರಿವಿನ ಮಾಪನ ಎಂದರೆ ನಿರ್ದಿಷ್ಟ ಸಮಯದಲ್ಲಿ ಕೊಳವೆಯ ಮೂಲಕ ಹಾದುಹೋಗುವ ಅನಿಲದ ದ್ರವ್ಯರಾಶಿಯನ್ನು ಅಳೆಯುವುದು. ಇದನ್ನು ಸಾಮಾನ್ಯವಾಗಿ ಗಂಟೆಗೆ ಇಷ್ಟು ಕಿಲೋಗ್ರಾಂ ಎಂದು ಸೂಚಿಸಲಾಗುತ್ತದೆ. ಒತ್ತಡ ಮತ್ತು ಉಷ್ಣಾಂಶಕ್ಕೆ ತಕ್ಕಂತೆ ಅನಿಲವು ಹಿಗ್ಗಿ ಕುಗ್ಗುವುದರಿಂದ, ಅದರ ಗಾತ್ರವನ್ನಷ್ಟೇ ಅಳೆದರೆ ಸಾಲದು. ದೊಡ್ಡ ಕೊಳವೆಗಳಲ್ಲಿ ಮಾಪಕದ ಗುಣಮಟ್ಟದ ಜೊತೆಗೆ ಅದನ್ನು ಅಳವಡಿಸಿದ ಜಾಗ ಹಾಗೂ ಸಾಂದ್ರತೆಯ ಲೆಕ್ಕಾಚಾರವೂ ನಿಖರತೆಯನ್ನು ನಿರ್ಧರಿಸುತ್ತವೆ.

ತತ್ವ

ದ್ರವ್ಯರಾಶಿ ಹರಿವು = ಸಾಂದ್ರತೆ × ಸರಾಸರಿ ವೇಗ × ಕೊಳವೆಯ ಅಡ್ಡಛೇದದ ವಿಸ್ತೀರ್ಣ.

ಕೊರಿಯೊಲಿಸ್ ಮಾಪಕವು ದ್ರವ್ಯರಾಶಿಯನ್ನು ನೇರವಾಗಿ ಅಳೆಯುತ್ತದೆ. ಆದರೆ ವ್ಯಾಸ ಹೆಚ್ಚಿದಂತೆ ಅದರ ತೂಕ ಮತ್ತು ಬೆಲೆ ಏರುತ್ತವೆ. ಆದ್ದರಿಂದ ದೊಡ್ಡ ಕೊಳವೆಗಳಲ್ಲಿ ಆರಿಫಿಸ್ ಫಲಕ, ಟರ್ಬೈನ್ ಅಥವಾ ಅಲ್ಟ್ರಾಸಾನಿಕ್ ಮಾಪಕಗಳು ಹೆಚ್ಚು ಬಳಕೆಯಲ್ಲಿವೆ. ಇವುಗಳ ಜೊತೆಗೆ ಒತ್ತಡ, ಉಷ್ಣಾಂಶ ಮತ್ತು ಅನಿಲದ ಸಂಯೋಜನೆಯನ್ನು ಅಳೆದು ಸಾಂದ್ರತೆಯನ್ನು ಲೆಕ್ಕಹಾಕಲಾಗುತ್ತದೆ.

ದೋಷದ ಮೂಲಗಳು ಮತ್ತು ಪರಿಹಾರ

* ಹರಿವಿನ ಸ್ವರೂಪ: ಬಾಗು ಮತ್ತು ಕವಾಟಗಳನ್ನು ದಾಟಿದ ಅನಿಲವು ಸುಳಿಯುತ್ತಾ ಸಾಗುತ್ತದೆ. ಮಾಪಕದ ಮುಂಚೆ ವ್ಯಾಸದ 20 ಪಟ್ಟು ಉದ್ದದ ನೇರ ಕೊಳವೆ ಬೇಕೆಂದಾದರೆ, 600 ಮಿ.ಮೀ. ಕೊಳವೆಗೆ 12 ಮೀಟರ್ ಜಾಗ ಬೇಕು. ಜಾಗವಿಲ್ಲದ ಕಡೆ ಫ್ಲೋ ಕಂಡಿಷನರ್ ಅಥವಾ ಹಲವು ಪಥಗಳ ಅಲ್ಟ್ರಾಸಾನಿಕ್ ಮಾಪಕ ನೆರವಾಗುತ್ತದೆ.
* ವ್ಯಾಸ: ಒಳವ್ಯಾಸದಲ್ಲಿ ಶೇ. 0.5ರಷ್ಟು ತಪ್ಪಾದರೆ ವಿಸ್ತೀರ್ಣದಲ್ಲಿ ಸುಮಾರು ಶೇ. 1ರಷ್ಟು ತಪ್ಪಾಗುತ್ತದೆ.
* ಉಷ್ಣಾಂಶ: 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 3 ಡಿಗ್ರಿಯ ತಪ್ಪು ಸಾಂದ್ರತೆಯನ್ನು ಸುಮಾರು ಶೇ. 1ರಷ್ಟು ಬದಲಿಸುತ್ತದೆ.

ಬೆಂಗಳೂರಿನ ಸಂದರ್ಭ

ಮಹಾರಾಷ್ಟ್ರದ ದಾಭೋಲ್‌ನಿಂದ ಬರುವ ಸುಮಾರು 1,000 ಕಿ.ಮೀ. ಉದ್ದದ ಗೇಲ್ ಸಂಸ್ಥೆಯ ಕೊಳವೆಮಾರ್ಗವು 2013ರಲ್ಲಿ ಬೆಂಗಳೂರಿಗೆ ನೈಸರ್ಗಿಕ ಅನಿಲವನ್ನು ತಂದಿತು. ಪೀಣ್ಯದಿಂದ ಬ್ರೂಕ್‌ಫೀಲ್ಡ್‌ವರೆಗೆ ಹರಡಿರುವ ಈ ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹೀಗಾಗಿ ಇಲ್ಲಿನ ವಾಯುಭಾರವು ಸಮುದ್ರಮಟ್ಟದ 1.01 ಬಾರ್‌ಗೆ ಬದಲಾಗಿ ಸುಮಾರು 0.91 ಬಾರ್ ಇರುತ್ತದೆ.

ಸಾಂದ್ರತೆಯ ಲೆಕ್ಕಕ್ಕೆ ಗೇಜ್ ಒತ್ತಡದೊಂದಿಗೆ ವಾಯುಭಾರವನ್ನು ಕೂಡಿಸಬೇಕು. ಗೇಜ್ ಒತ್ತಡ 4 ಬಾರ್ ಇರುವ ಕೊಳವೆಯಲ್ಲಿ ನಿಜವಾದ ಒತ್ತಡ 4.91 ಬಾರ್. ಗಣಕದಲ್ಲಿ ಸಮುದ್ರಮಟ್ಟದ ಮೌಲ್ಯವೇ ಉಳಿದಿದ್ದರೆ ಅದು 5.01 ಬಾರ್ ಎಂದಾಗಿ, ಟರ್ಬೈನ್ ಅಥವಾ ಅಲ್ಟ್ರಾಸಾನಿಕ್ ಮಾಪಕದ ಲೆಕ್ಕವು ಸುಮಾರು ಶೇ. 2ರಷ್ಟು ಹೆಚ್ಚುತ್ತದೆ; ಗ್ರಾಹಕನು ಪಡೆಯದ ಅನಿಲಕ್ಕೂ ಹಣ ತೆರಬೇಕಾಗುತ್ತದೆ. 49 ಬಾರ್ ಒತ್ತಡದಲ್ಲಿ ಇದೇ ತಪ್ಪು ಶೇ. 0.2ಕ್ಕೆ ಇಳಿಯುತ್ತದೆ. ಸ್ಥಳೀಯ ವಾಯುಭಾರವನ್ನು ದಾಖಲಿಸುವುದು ಅಥವಾ ನಿರಪೇಕ್ಷ ಒತ್ತಡವನ್ನೇ ಅಳೆಯುವ ಸಾಧನವನ್ನು ಬಳಸುವುದು ಇದಕ್ಕೆ ಪರಿಹಾರ.

ಕ್ಯಾಲಿಬ್ರೇಷನ್

ಮಾಪಕಗಳನ್ನು ನಿಯತವಾಗಿ ಪ್ರಮಾಣಿತ ಮಾಪಕದೊಂದಿಗೆ ಹೋಲಿಸಿ ಪರೀಕ್ಷಿಸಬೇಕಾಗುತ್ತದೆ. ಕೇರಳದ ಪಾಲಕ್ಕಾಡಿನಲ್ಲಿರುವ ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇಂತಹ ಪರೀಕ್ಷೆಗಳನ್ನು ನಡೆಸುತ್ತದೆ. ಪ್ರಯೋಗಾಲಯದಲ್ಲಿ ಸರಿಯೆಂದು ಸಾಬೀತಾದ ಮಾಪಕವೂ ಬಾಗಿನ ಪಕ್ಕದಲ್ಲಿ ಅಳವಡಿಸಿದರೆ ತಪ್ಪು ತೋರಿಸಬಹುದಾದ್ದರಿಂದ, ಅಳವಡಿಕೆಯ ಸ್ಥಳವನ್ನೂ ಪರಿಶೀಲಿಸುವುದು ಅಗತ್ಯ.